ಕೆಂಪೆಲೆಗೆ ಬೇಕಾದ ಕತ್ತಲು

ಜನವರಿ ೩

ಪ್ರೀತಿಯ ಜೀರಿಗೆಗೆ ಮಾವನ ಆಶೀರ್ವಾದ.

ನಿನ್ನ ಗಿಡ ಬಂತು. ಪಾರ್ಸಲಿನವನು ಮೂರು ಮಹಡಿ ಹತ್ತಿ ಬಂದು, ಬಾಗಿಲಲ್ಲಿ ಉಸಿರು ಬಿಡುತ್ತಾ, "ಏನ್ರೀ ಇದು, ಮದುಮಗಳ ಹಾಗಿದೆ!" ಅಂದ. ಹಾಗೇ ಇತ್ತು. ಮಿರಮಿರ ಮಿಂಚುವ ಹಾಳೆ ಸುತ್ತಿಕೊಂಡು, ಸೊಂಟಕ್ಕೆ ರಿಬ್ಬನ್ ಕಟ್ಟಿಕೊಂಡು, ತಲೆತುಂಬ ಕೆಂಪು ಎಲೆ. "ನನ್ನ ಅಕ್ಕನ ಮಗಳು ಕಳಿಸಿದ್ದು. ಇಂಥವನ್ನ ದಿನಕ್ಕೆ ಸಾವಿರ ಕಟ್ತಾಳೆ" ಅಂದೆ. ಸಾವಿರ ಹೌದೋ ಅಲ್ಲವೋ ನನಗೇನು ಗೊತ್ತು. ಹೇಳುವಾಗ ಕೈ ಬಿಗಿ ಹಿಡಿಯಬಾರದು.

ವರ್ಷದ ಕೊನೆಯ ರಜೆಗೆ ನೀನೇ ಬರುತ್ತೀಯ ಅಂದುಕೊಂಡಿದ್ದೆವು. ಹೋಗಲಿ ಬಿಡು. ಊರಿಗೆಲ್ಲ ರಜೆ ಬಂದಾಗಲೇ ನಿಮ್ಮ ಗಿಡದ ಕಂಪನಿಗೆ ಸುಗ್ಗಿ, ಎಲ್ಲರೂ ಎಲ್ಲರಿಗೂ ಗಿಡ ಕೊಡುವ ಕಾಲ. ನಿನಗಿಂತ ಈ ಗಿಡ ಕಡಿಮೆ ತಿನ್ನುತ್ತದೆ, ಎದುರು ಮಾತಾಡುವುದಿಲ್ಲ. ನಮಗೇ ಲಾಭ.

ಈಗ ಸರಿಯಾಗಿ ಕೂತುಕೊಂಡು ಓದು.

ಗಿಡವನ್ನು ನಿನ್ನ ಅತ್ತೆಯ ಮಂಚದ ಪಕ್ಕ ಇಟ್ಟೆ. ಅವಳು ನೋಡಿದಳು. ಆಮೇಲೆ ಬಲಗೈ ಎತ್ತಿದಳು. ಬಲಗೈ! ನವೆಂಬರಿನಲ್ಲಿ ತಲೆಯೊಳಗೆ ನರ ಒಡೆದು, ಮಾತೂ ಹೋಗಿ ಬಲಮಗ್ಗುಲೂ ಹೋದ ಮೇಲೆ, ಯಾರೋ ಮರೆತು ಬಿಟ್ಟುಹೋದ ಛತ್ರಿಯ ಹಾಗೆ ಮಡಿಲಲ್ಲಿ ಬಿದ್ದಿತ್ತಲ್ಲ, ಅದೇ ಕೈ. ನಡುಗುತ್ತಾ ಮೇಲೆದ್ದು, ಒಂದು ಕೆಂಪೆಲೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಿತು. ಟಿಕೆಟ್ ಹರಿಯುವಾಗ ಹಿಡಿಯುತ್ತಿದ್ದಳಲ್ಲ, ಥೇಟ್ ಹಾಗೆ. ನಾನು ಟಾಕೀಸಿನ ಕೆಲಸಕ್ಕೆ ಸೇರುವ ಮೊದಲು ಒಂದೇ ಸಿನಿಮಾಕ್ಕೆ ಏಳು ಸಲ ಹೋದದ್ದು ಆ ಕೈ ನೋಡಲು ಅಂತ ನಿನಗೆ ಹೇಳಿದ್ದೇನೆ. ಬುಕಿಂಗ್ ಕಿಂಡಿಯಲ್ಲಿ ಮುಖ ಕಾಣುತ್ತಿರಲಿಲ್ಲ. ಕೈ ಮಾತ್ರ ಬರುತ್ತಿತ್ತು.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಮೇಡಂಗೆ ಹೇಳಿದೆ. "ಒಳ್ಳೇ ಲಕ್ಷಣ" ಅಂದರು. ಅವರು ಎರಡು ತಿಂಗಳಿನಿಂದ ಎಳೆದೂ ತಿಕ್ಕಿಯೂ ಮಾಡಲಾಗದ್ದನ್ನು ನಾನು ಒಂದು ಗಿಡ ಇಟ್ಟು ಮಾಡಿದೆ. ಇದನ್ನು ಅವರ ಎದುರಿಗೇ ಹೇಳಿದೆ, ನಕ್ಕರು.

ಗಿಡದ ವಿಚಾರ ನನಗೆ ಬಿಡು. ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಗಿಡಗಳಿಗೆ ನೀರು ಹಾಕುವ ಮಾನಿಟರ್ ಆಗಿದ್ದವನು ನಾನು. ಲೆಕ್ಕದಲ್ಲಿ ಸೊನ್ನೆ, ನೀರಿನಲ್ಲಿ ಮೊದಲನೆಯವನು.

ಇಂತಿ ನಿನ್ನ ಮಾವ,
ಟಾಕೀಸಿನ ಮಾಜಿ ಆಪರೇಟರ್, ಹಾಲಿ ತೋಟದ ಯಜಮಾನ


ಜನವರಿ ೧೪

ಮಾವ,

ನಿಮ್ಮ ಪತ್ರವನ್ನು ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತೇ ಓದಿದೆ. ಪಕ್ಕದವಳು "ಯಾಕೆ ಅಳ್ತೀಯಾ?" ಅಂತ ಕೇಳಿದಳು. ಧೂಳು ಅಂದೆ. ಮಣ್ಣಿನ ಕೆಲಸದಲ್ಲಿ ಆ ಒಂದು ಅನುಕೂಲ ಇದೆ.

ಮೊದಲು ಆ ಮಿಂಚುವ ಹಾಳೆ ಕಿತ್ತು ಬಿಸಾಡಿ. ಅದು ಅಂಗಡಿಯಲ್ಲಿ ಚೆಂದ ಕಾಣಲಿ ಅಂತ ಸುತ್ತುವುದು. ಹಾಕಿದ ನೀರು ಅದರೊಳಗೇ ನಿಂತು ಬೇರು ಕೊಳೆಯುತ್ತದೆ. ಮಣ್ಣಿಗೆ ಬೆರಳು ಹಾಕಿ ನೋಡಿ, ಒಣಗಿದ್ದರೆ ಮಾತ್ರ ನೀರು. ಕಿಟಕಿಯ ಹತ್ತಿರ ಬೆಳಕಿರಲಿ, ಗಾಳಿ ನೇರ ಬೀಸಬಾರದು. ಎಲೆ ಮುರಿದರೆ ಹಾಲು ಬರುತ್ತದೆ, ಅತ್ತೆಯ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ.

ಮಾನಿಟರ್‌ಗೆ ಇಷ್ಟು ಹೇಳಿದ್ದಕ್ಕೆ ಕ್ಷಮೆ ಇರಲಿ.

ಸುಗ್ಗಿ ಮುಗಿದ ಮೇಲೆ ಬರುತ್ತೇನೆ. ಅತ್ತೆಗೆ ಹೇಳಿ. ಆ ಕೈಯನ್ನು ನನ್ನ ಪರವಾಗಿ ಒಂದು ಸಲ ಹಿಡಿದುಕೊಳ್ಳಿ.

ನಿಮ್ಮ
ಜೀರಿಗೆ


ಮಾರ್ಚ್ ೨೧

ಪ್ರೀತಿಯ ಜೀರಿಗೆಗೆ,

ಸುಗ್ಗಿ ಮುಗಿದು ಎಷ್ಟು ದಿನವಾಯಿತು ಅಂತ ನಾನು ಕೇಳುವುದಿಲ್ಲ. ಕೇಳಿದರೆ ಕೇಳಿದ ಹಾಗಾಗುತ್ತದೆ.

ಗಿಡ ಕೈಕೊಟ್ಟಿತು. ಕೆಂಪೆಲೆಗಳು ಒಂದೊಂದಾಗಿ ಮಂಚದ ಕೆಳಗೆ ಬಿದ್ದವು. ಮೊದಲ ಎಲೆ ಬಿದ್ದಾಗ ಅವಳ ಕೈ ಅದನ್ನು ಹುಡುಕಿಕೊಂಡು ಹೋಯಿತು. ಈಗ ಮೂರು ಬೋಳು ಕಡ್ಡಿ, ತುದಿಯಲ್ಲಿ ಒಂದಷ್ಟು ಹಸಿರು. ಹಸಿರಿಗೆ ಅವಳು ಕೈ ಎತ್ತುವುದಿಲ್ಲ. ನಾನು ಕೆಂಪು ಬಟ್ಟೆ ಕಟ್ಟಿ ನೋಡಿದೆ. ಮೇಲಿನ ಮನೆಯ ಟೈಲರ್ ತನ್ನ ಅಂಗಡಿಯ ಕೆಂಪು ಚೂರುಗಳನ್ನೆಲ್ಲ ತಂದು ಕೊಟ್ಟ, ಎಲೆಯ ಆಕಾರಕ್ಕೆ ಕತ್ತರಿಸಿಯೂ ಕೊಟ್ಟ. ಅವಳು ನಮ್ಮಿಬ್ಬರನ್ನೂ ಒಂದು ನೋಟ ನೋಡಿದಳು. ನಕಲಿ ನೋಟು ಕೊಟ್ಟವರನ್ನು ಕಿಂಡಿಯೊಳಗಿಂದ ಹೀಗೇ ನೋಡುತ್ತಿದ್ದಳು. ಟೈಲರ್ ಹೆದರಿ ಮೇಲೆ ಹೋದ.

ಕೈ ಮತ್ತೆ ಮಡಿಲಿಗೆ ಬಿತ್ತು.

ಮೇಡಂ ಒಂದು ಮಾತು ಹೇಳಿದರು. ಕಳೆದುಹೋದದ್ದರಲ್ಲಿ ಬರುವಂಥದ್ದು ಮೊದಲ ವರ್ಷದಲ್ಲೇ ಬರಬೇಕಂತೆ. ಆಮೇಲೆ ಬಂದರೂ ಅಪರೂಪವಂತೆ. ಅಂದರೆ ಬರುವ ನವೆಂಬರ್. ನೀನು ಕೆಂಪು ಇರುವ ಇನ್ನೊಂದು ಗಿಡ ಬೇಗ ಕಳಿಸು. ಹಾಳೆ ಬೇಡ, ರಿಬ್ಬನ್ ಬೇಡ.

ನಿನ್ನ ಮಾವ,
ಮಾನಿಟರ್ (ಅಮಾನತಿನಲ್ಲಿ)


ಏಪ್ರಿಲ್ ೨

ಮಾವ,

ನಿಮ್ಮ ತಪ್ಪಲ್ಲ. ಆ ಎಲೆ ಬಿದ್ದೇ ಬೀಳುತ್ತದೆ. ಇವು ರಜೆಯ ನಾಲ್ಕು ದಿನ ಮೇಜಿನ ಮೇಲೆ ಚೆಂದ ಕಂಡು ಕಸಕ್ಕೆ ಹೋಗಲಿ ಅಂತಲೇ ಬೆಳೆಸಿದ ಗಿಡಗಳು. ನಿಮ್ಮ ಮನೆಯಲ್ಲಿ ಮಾರ್ಚ್‌ವರೆಗೆ ಬಾಳಿದ್ದೇ ದೊಡ್ಡದು.

ಆದರೆ ಈಗ ಕೆಂಪು ಎಲ್ಲೂ ಇಲ್ಲ. ಶೆಡ್ಡಿನಲ್ಲಿ ಇರುವುದೆಲ್ಲ ಹಸಿರು ಕಡ್ಡಿ. ನವೆಂಬರ್ ಕೊನೆಯವರೆಗೆ ನಾನು ಎಲ್ಲಿಂದ ತರಲಿ?

ಬಣ್ಣ ತಾನಾಗಿ ಬರುವುದಲ್ಲ. ರಾತ್ರಿ ದೊಡ್ಡದಾದಾಗ ಬರುತ್ತದೆ. ಬೇಗ ಬೇಕಾದರೆ ನಾವು ಸಂಜೆಯಾಗುವ ಮುಂಚೆಯೇ ಇಡೀ ಸಾಲಿನ ಮೇಲೆ ಕಪ್ಪು ಬಟ್ಟೆ ಎಳೆಯುತ್ತೇವೆ, ಬೆಳಿಗ್ಗೆ ತಡವಾಗಿ ತೆಗೆಯುತ್ತೇವೆ. ಎರಡು ತಿಂಗಳು ಹೀಗೆ. ನಡುವೆ ಯಾರಾದರೂ ಟಾರ್ಚ್ ಹಾಕಿದರೂ ಆ ಸಾಲು ಹಸಿರಾಗೇ ಉಳಿಯುತ್ತದೆ. ಮನೆಯಲ್ಲಿ ಇದು ಆಗುವ ಕೆಲಸ ಅಲ್ಲ. ಸುಮ್ಮನೆ ಹೇಳಿದೆ ಅಷ್ಟೇ, ನೀವು ಹಟಕ್ಕೆ ಬೀಳಬೇಡಿ.

ಕಡ್ಡಿಗಳನ್ನು ಅರ್ಧಕ್ಕೆ ಕತ್ತರಿಸಿಡಿ, ಚಿಗುರುತ್ತವೆ. ಮೇಡಂ ಹೇಳಿದ ವ್ಯಾಯಾಮ ಬಿಡಬೇಡಿ. ಕೈ ಎದ್ದದ್ದು ಗಿಡದಿಂದ ಅಂತಲೇ ಯಾಕೆ ಅಂದುಕೊಳ್ಳುತ್ತೀರಿ?

ಈ ತಿಂಗಳು ಬರಲಾಗುವುದಿಲ್ಲ. ಕಾರಣ ಬರೆಯಲು ಹೊರಟು ಎರಡು ಸಲ ಹೊಡೆದುಹಾಕಿದೆ.

ಜೀರಿಗೆ


ಜೂನ್ ೧೬

ಪ್ರೀತಿಯ ಜೀರಿಗೆಗೆ,

ಕತ್ತರಿಸಿದೆ. ಚಿಗುರಿದೆ. ಬಿಳಿ ನೊಣ ಬಂತು, ಸೋಪಿನ ನೀರಿನಲ್ಲಿ ಎಲೆ ಒರೆಸಿದೆ. ನಿನ್ನ ಅತ್ತೆಗೆ ಮೈ ಒರೆಸಿದ ಮೇಲೆ ಅದಕ್ಕೂ ಒಂದು ಸ್ನಾನ. ಒಂದೇ ಬಕೆಟ್ಟು, ಇಬ್ಬರು ರಾಣಿಯರು.

ನೀನು "ಆಗುವ ಕೆಲಸ ಅಲ್ಲ" ಅಂತ ಬರೆದದ್ದನ್ನು ನಾನು ಟೈಲರ್‌ಗೆ ಓದಿ ಹೇಳಿದೆ. "ನಲವತ್ತು ವರ್ಷ ಕತ್ತಲು ಮಾಡಿ ಹೊಟ್ಟೆ ಹೊರೆದವನಿಗೆ ಕತ್ತಲು ಮಾಡಕ್ಕಾಗಲ್ಲ ಅಂತಾಳೆ ನೋಡು" ಅಂದೆ. "ಬಾಯಿ ಮುಚ್ಕೊಂಡಿರಿ ಸಾಕು, ಅರ್ಧ ಮನೆ ಕತ್ತಲಾಗುತ್ತೆ" ಅಂದ ಕತ್ತೆ. ಅವನ ಹೊಲಿಗೆಯ ಹಾಗೇ ಅವನ ಮಾತು, ಎಲ್ಲೋ ಚುಚ್ಚುತ್ತದೆ.

ಅತ್ತೆ ಚೆನ್ನಾಗಿದ್ದಾಳೆ. ಬಾಗಿಲು ಸದ್ದಾದರೆ ಕತ್ತು ತಿರುಗಿಸುತ್ತಾಳೆ. ಯಾರು ಅಂತ ನೋಡಿ ವಾಪಸು ತಿರುಗುತ್ತಾಳೆ.

ನಿನ್ನ ಮಾವ,
ಎರಡು ರಾಣಿಯರ ಸೇವಕ


ಆಗಸ್ಟ್ ೨೮

ಪ್ರೀತಿಯ ಜೀರಿಗೆಗೆ,

ಆಟ ಶುರುವಾಯಿತು.

ಮೊದಲು ಗಿಡವನ್ನು ಸಂಜೆ ಸಾಮಾನಿನ ಕೋಣೆಗೆ ಒಯ್ದು ಬಾಗಿಲು ಹಾಕಿದೆ. ಆಗ ನಿನ್ನ ಅತ್ತೆ ಶುರುಮಾಡಿದಳು. ಮಾತಿಲ್ಲವಲ್ಲ, ಗಂಟಲಿನಿಂದ ಒಂದು ಸದ್ದು. ಒಂದೇ ಕಣ್ಣಿನಿಂದ ನೀರು. ಗಿಡ ವಾಪಸು ತರುವವರೆಗೂ ನಿಲ್ಲಿಸಲಿಲ್ಲ. ಮಾರನೆಯ ದಿನವೂ ಅದೇ ಹಾಡು. ಅವಳಿಗೆ ಗಿಡ ಕಣ್ಣೆದುರು ಇರಬೇಕು, ಗಿಡಕ್ಕೆ ಕತ್ತಲು ಬೇಕು. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು.

ನಾನು ನಮ್ಮ ಹಳೆಯ ಟಾಕೀಸಿಗೆ ಹೋದೆ. ಈಗ ಅದು ನೆಲದ ಹಾಸುಗಲ್ಲುಗಳ ಗೋಡೌನು. ಗೇಟಿನವನು ಹಳೆಯ ಗೆಳೆಯ, ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿದ್ದ ಬಾಗಿಲ ಪರದೆಗಳನ್ನು ತೋರಿಸಿದ. ಕಪ್ಪು, ದಪ್ಪ, ಇನ್ನೂ ಬೀಡಿಯ ವಾಸನೆ. ಭುಜದ ಮೇಲೆ ಹೊತ್ತು ತಂದೆ. ಟೈಲರ್ ಅಳತೆಗೆ ಹೊಲಿದು ಕೊಟ್ಟ. ಅವಳ ಕೋಣೆಯ ಕಿಟಕಿಗೆ ಒಂದು, ಬಾಗಿಲಿಗೆ ಒಂದು. ಬಾಗಿಲ ಕೆಳಗಿನ ಸಂದಿಗೆ ಅವಳದೇ ಹಳೆಯ ಸೀರೆ.

ಈಗ ಸಂಜೆ ಬಿಸಿಲಿರುವಾಗಲೇ ಅವಳಿಗೆ ಊಟ ಮಾಡಿಸುತ್ತೇನೆ. ಕಿಟಕಿಯಲ್ಲಿರುವ ಗಿಡವನ್ನು ಎತ್ತಿ ತಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಡುತ್ತೇನೆ, ಅಲ್ಲಿ ಯಾವ ಸಂದಿಯ ಬೆಳಕೂ ಬರುವುದಿಲ್ಲ. ಪರದೆ ಎಳೆಯುತ್ತೇನೆ. ದೀಪ ಆರಿಸುತ್ತೇನೆ. ಬೆಳಿಗ್ಗೆ ಹಾಲಿನವನು ಬಂದು ಹೋಗಿ, ಬೀದಿಯೆಲ್ಲ ಕೆಲಸಕ್ಕೆ ಹೋದ ಮೇಲೆ ತೆಗೆಯುತ್ತೇನೆ. ಅವಳೂ ಗಿಡವೂ ಜೊತೆಗಿರುತ್ತಾರೆ, ನಾನು ನಡುವೆ. ಮಾತ್ರೆ ಕೊಡುವುದು ಹೇಗೆ ಅಂತೀಯಾ? ಕತ್ತಲಲ್ಲಿ ಹರಿದ ರೀಲು ಅಂಟಿಸಿದ ಕೈ ಇದು, ಬಾಯಿಯ ಗುರಿ ತಪ್ಪುತ್ತದೆಯೇ?

ಅವಳಿಗೆ ಬೇಸರವಾಗದಿರಲಿ ಅಂತ ಸಿನಿಮಾ ಹೇಳುತ್ತೇನೆ. ಹಾಡು ನಾನೇ, ಹೊಡೆದಾಟ ನಾನೇ, ಇಂಟರ್ವಲ್‌ನಲ್ಲಿ ಕಡಲೆಕಾಯಿ ಕೂಗುವವನೂ ನಾನೇ. ಹೌಸ್‌ಫುಲ್.

ಅಕ್ಟೋಬರ್ ಕೊನೆಗೆ ಕೆಂಪು. ನವೆಂಬರಿಗೆ ಕೈ. ಬರೆದಿಟ್ಟುಕೋ.

ನಿನ್ನ ಮಾವ,
ಕತ್ತಲಿನ ಕಾಂಟ್ರಾಕ್ಟರ್


ಸೆಪ್ಟೆಂಬರ್ ೭

ಮಾವ,

ಅತ್ತೆಯನ್ನೂ ಕತ್ತಲಲ್ಲಿ ಕೂರಿಸಿದ್ದೀರಾ?

ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀವು ತಮಾಷೆಗೆ ಬರೆದಿರಬೇಕು ಅಂದುಕೊಂಡೆ. ಆದರೆ ಸೀರೆಯನ್ನು ಸಂದಿಗೆ ತುರುಕಿದ್ದು ತಮಾಷೆ ಅಲ್ಲ ಅಂತ ಗೊತ್ತಾಯಿತು.

ಅವರು ಹಾಸಿಗೆ ಬಿಟ್ಟು ಏಳಲಾರರು. ದೀಪ ಹಾಕಿ ಅಂತ ಹೇಳಲಾರರು. ಬೇಡ ಅನ್ನಲೂ ಆಗುವುದಿಲ್ಲ. ನಾವು ಕಪ್ಪು ಬಟ್ಟೆ ಎಳೆಯುವುದು ಗಿಡದ ಮೇಲೆ. ಅದು ನಾಲ್ಕು ದಿನದ ಚೆಂದಕ್ಕೆ. ಅತ್ತೆ ಗಿಡ ಅಲ್ಲ.

ದಯವಿಟ್ಟು ನಿಲ್ಲಿಸಿ. ಗಿಡದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಕವುಚಿ, ಸಾಕು. ದೀಪ ಹಾಕಿ. ನಾನು ಆ ಉಪಾಯ ಬರೆಯಲೇಬಾರದಿತ್ತು.

ರಜೆ ಕೇಳುತ್ತೇನೆ. ಬರುತ್ತೇನೆ.

ಜೀರಿಗೆ


ಅಕ್ಟೋಬರ್ ೬

ಜೀರಿಗೆಗೆ,

ರಟ್ಟಿನ ಪೆಟ್ಟಿಗೆ ಕವುಚಿದೆ. ಕವುಚಿದರೆ ಗಿಡ ಕಾಣುವುದಿಲ್ಲ, ಗಿಡ ಕಾಣದಿದ್ದರೆ ಆ ಸದ್ದು. ಕತ್ತಲಲ್ಲಾದರೆ ಸದ್ದಿಲ್ಲ. ಗಿಡ ಅಲ್ಲೇ ಇದೆ ಅಂತ ಅವಳಿಗೆ ಗೊತ್ತಿರುತ್ತದೆ. ಎಡಗೈ ಹಿಡಿದು ಒಂದು ಎಲೆ ಮುಟ್ಟಿಸುತ್ತೇನೆ. ನೀನು ಅಲ್ಲಿ ಕೂತು ಬರೆಯುತ್ತೀಯ, ಇಲ್ಲಿ ಕೂತವನು ನಾನು.

ಮೇಡಂ ಕೂಡ ಜಗಳಕ್ಕೆ ಬಂದರು. "ಸಂಜೆ ಚೆಂಡು ಹಿಡಿಸೋ ವ್ಯಾಯಾಮ ಮಾಡಿಸ್ತಿದ್ದೀರಾ?" ಅಂದರು. ಕತ್ತಲಲ್ಲಿ ಚೆಂಡು ಬಿದ್ದರೆ ಎಲ್ಲಿ ಹುಡುಕಲಿ? ಬೆಳಿಗ್ಗೆ ಎರಡರಷ್ಟು ಮಾಡಿಸುತ್ತೇನೆ ಅಂದೆ. ಕೆಲವು ದಿನ ಮಾಡಿಸಿದೆ. ಬೆಳಿಗ್ಗೆ ಅವಳಿಗೆ ನಿದ್ದೆ. ಕತ್ತಲಲ್ಲಿ ನಿದ್ದೆ ಮಾಡುವುದಿಲ್ಲ, ಬೆಳಕಿನಲ್ಲಿ ಎಚ್ಚರ ಇರುವುದಿಲ್ಲ. ಸೆಕೆಂಡ್ ಶೋ ಇದ್ದ ಕಾಲದಲ್ಲಿ ನಮಗಿಬ್ಬರಿಗೂ ಇದೇ ಅಭ್ಯಾಸ ಇತ್ತು, ದೊಡ್ಡದೇನಲ್ಲ ಅಂದೆ. ಮೇಡಂ ನಗಲಿಲ್ಲ. ಅವರು ಮೊದಲೆಲ್ಲ ನಗುತ್ತಿದ್ದರು.

ಊಟ ಸ್ವಲ್ಪ ಕಡಿಮೆಯಾಗಿದೆ. ಹವೆ ಬದಲಾಗಿದ್ದಕ್ಕೆ ಇರಬೇಕು.

ಈಗ ಒಳ್ಳೆಯ ಸುದ್ದಿ. ನಿನ್ನೆ ಬೆಳಿಗ್ಗೆ ಪರದೆ ತೆಗೆದಾಗ, ತುದಿಯ ಎಲೆಯ ನರದಲ್ಲಿ ಕೆಂಪು! ಬ್ಲೇಡಿನಿಂದ ಗೀರಿದ ಹಾಗೆ ಒಂದು ಗೆರೆ. ನಾನು ಕುಣಿದೆ. ಟೈಲರ್ ಮೇಲಿನಿಂದ ನೆಲ ಗುದ್ದಿದ. ಈಗ ನಿಲ್ಲಿಸು ಅನ್ನುತ್ತೀಯಾ? ರೀಲು ಮುಗಿಯುವ ಮುಂಚೆ ಮಿಷನ್ ನಿಲ್ಲಿಸಿದವನಲ್ಲ ನಾನು.

ರಜೆ ಏನಾಯಿತು?

ಮಾವ


ಅಕ್ಟೋಬರ್ ೧೯

ಮಾವ,

ರಜೆ ಕೊಟ್ಟರು. ಬ್ಯಾಗು ಕಟ್ಟಿ, ಬಸ್ಸಿನ ನಿಲ್ದಾಣಕ್ಕೆ ಹೋದೆ. ನಮ್ಮ ಊರಿನ ಬಸ್ಸು ಬಂತು, ಹೋಯಿತು. ನಾನು ಬೆಂಚಿನಲ್ಲೇ ಕೂತಿದ್ದೆ. ಆ ಕೈ ನನ್ನ ಜಡೆ ಹೆಣೆದ ಕೈ. ಅದು ಮಡಿಲಲ್ಲಿ ಬಿದ್ದಿರುವುದನ್ನು ಆಸ್ಪತ್ರೆಯಲ್ಲಿ ಒಂದು ಸಲ ನೋಡಿದ್ದೇನೆ. ಇನ್ನೊಂದು ಸಲ ನೋಡಲು ನನ್ನಿಂದ ಆಗುವುದಿಲ್ಲ.

ಅದಕ್ಕೇ ಗಿಡ ಕಳಿಸಿದ್ದು. ಸುಗ್ಗಿಗೂ ಅದಕ್ಕೂ ಸಂಬಂಧ ಇರಲಿಲ್ಲ.

ನಿಮಗೆ ನಿಲ್ಲಿಸಿ ಅನ್ನುವ ಅಧಿಕಾರ ನನಗಿಲ್ಲ. ಆದರೂ ದೀಪ ಹಾಕಿ ಮಾವ.

ಜೀರಿಗೆ


ನವೆಂಬರ್ ೧೨

ಜೀರಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬಯ್ಯಬೇಕೆಂದು ಕೂತೆ, ಬರಲಿಲ್ಲ. ಈಗ ಆ ಅರ್ಹತೆಯೂ ಹೋಯಿತು.

ಗಿಡ ಪೂರ್ತಿ ಕೆಂಪಾಗಿದೆ. ನೀನು ಕಳಿಸಿದಾಗ ಇದ್ದದ್ದಕ್ಕಿಂತ ಹೆಚ್ಚು. ಸುಳ್ಳಲ್ಲ, ಇದೊಂದು ಮಾತು ಉಪ್ಪುಖಾರ ಹಚ್ಚದೆ ಹೇಳುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ಮೇಡಂ ಅವರನ್ನೂ ಟೈಲರನ್ನೂ ಕರೆದೆ. ಮೊದಲ ದಿನದ ಮೊದಲ ಆಟ ಅಂದೆ. ಕಿಟಕಿಯ ಪರದೆಯನ್ನು ಕಿತ್ತೇ ಹಾಕಿದೆ. ಕೋಣೆ ತುಂಬ ಬಿಸಿಲು. ನಿನ್ನ ಅತ್ತೆಯ ತಲೆ ಬಾಚಿ, ದಿಂಬಿಗೆ ಒರಗಿಸಿ ಕೂರಿಸಿದೆ. ಎಚ್ಚರವಾಗಿದ್ದಳು. ಬಲಗೈಯನ್ನು ಹೊದಿಕೆಯ ಮೇಲೆ ಇಟ್ಟೆ. ಗಿಡಕ್ಕೆ ಒಂದು ಟವೆಲ್ ಮುಚ್ಚಿದ್ದೆ. "ತೆಗೀರಿ ಮಹಾರಾಯ್ರೇ, ಅಂಗಡಿ ತೆರೀಬೇಕು" ಅಂದ ಟೈಲರ್. ತೆಗೆದೆ. "ಅಬ್ಬಾ" ಅಂದ. ಅವನ ಬಾಯಲ್ಲಿ ಒಳ್ಳೆಯ ಮಾತು ಬಂದದ್ದು ಅದೇ ಮೊದಲು.

ಗಿಡ ಎತ್ತಿಕೊಂಡು ಮಂಚದ ಹತ್ತಿರ ಹೋದೆ. ಅವಳು ನೋಡಿದಳು. ನೋಡಿ, ಕಣ್ಣು ಮುಚ್ಚಿದಳು.

ಬಿಸಿಲು ಕಣ್ಣಿಗೆ ಹೊಡೆಯಿತು ಅಂದುಕೊಂಡೆ. ಹಿಂದೆ ಸರಿದೆ. ಕಣ್ಣು ತೆರೆದಳು. ಮತ್ತೆ ಹತ್ತಿರ ತಂದೆ. ಮುಚ್ಚಿದಳು, ಈ ಸಲ ಗಟ್ಟಿಯಾಗಿ, ಕಹಿ ಔಷಧಿ ಕುಡಿಯುವಾಗ ಮುಚ್ಚುವ ಹಾಗೆ. ಸ್ಟೂಲಿನ ಮೇಲೆ ಇಟ್ಟೆ. ಮುಖವನ್ನು ಗೋಡೆಗೆ ತಿರುಗಿಸಿದಳು. ಎಡಗೈಯಿಂದ ಹೊದಿಕೆ ಎಳೆದುಕೊಂಡಳು. ಬಲಗೈ ಇಟ್ಟಲ್ಲೇ ಇತ್ತು.

"ಇನ್ನೊಂದ್ ಸಲ" ಅಂದೆ. "ಸಾಕು ಬಿಡಿ" ಅಂದರು ಮೇಡಂ. ಆಮೇಲೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದರು: "ಗಿಡ ಹತ್ತಿರ ಬಂತು ಅಂದ್ರೆ ದೀಪ ಆರುತ್ತೆ ಅಂತ ಕಲ್ತುಬಿಟ್ಟಿದ್ದಾರೆ. ಅವರು ಕಲೀಬಲ್ಲರು, ನೋಡಿ." ಚಪ್ಪಲಿ ಹಾಕಿಕೊಂಡು ಹೋದರು. ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕಂತೆ.

ಈಗ ಅವಳ ಕೋಣೆಯಲ್ಲಿ ಸಂಜೆಯೂ ದೀಪ ಉರಿಯುತ್ತದೆ, ಬೆಳಗಿನವರೆಗೂ ಉರಿಯುತ್ತದೆ. ದೊಡ್ಡ ಬಲ್ಬು ಹಾಕಿದ್ದೇನೆ. ಆದರೆ ಬಿಸಿಲು ಇಳಿಯುವ ಹೊತ್ತಾದರೆ ಅವಳು ತಾನಾಗಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. "ನೋಡೇ, ದೀಪ ಇದೆ, ನಾನಿದ್ದೀನಿ" ಅನ್ನುತ್ತೇನೆ. ತೆರೆಯುವುದಿಲ್ಲ. ನಿನ್ನೆ ಸಿನಿಮಾ ಹೇಳಲು ಶುರುಮಾಡಿದೆ. ಹಾಡು ಬರುವ ಮುಂಚೆಯೇ ನಿಲ್ಲಿಸಿದೆ.

ನೀನು ಬರಲಾರೆ ಅಂತ ಬರೆದಿದ್ದೀಯ. ಬರಬೇಡ. ನೀನು ಬಂದು ನೋಡಬೇಕಾದದ್ದು ಈಗ ಕೈ ಒಂದೇ ಅಲ್ಲ. ಈ ರಜೆಗೆ ಗಿಡ ಕಳಿಸಬೇಡ.

ಆ ಗಿಡವನ್ನು ಮೆಟ್ಟಿಲ ತಿರುವಿನಲ್ಲಿ ಇಟ್ಟಿದ್ದೇನೆ. ಹತ್ತುವವರು ಇಳಿಯುವವರು ನಿಂತು ನೋಡುತ್ತಾರೆ. ಇವತ್ತು ಪಾರ್ಸಲಿನವನು ಯಾರದೋ ಸಾಮಾನು ಕೊಡಲು ಬಂದವನು, ಗುರುತು ಹಿಡಿದ. "ಅದೇ ಗಿಡಾನಾ ಇದು? ಮತ್ತೆ ಕೆಂಪಾಗಿದೆಯಲ್ರೀ! ಹೇಗ್ ಮಾಡಿದ್ರಿ?" ಅಂತ ಕೇಳಿದ.

"ಅಲ್ಲಪ್ಪ. ಇದು ಅಂಗಡಿಯಿಂದ ತಂದದ್ದು" ಅಂದೆ.

ಮಾವ